ಹೌದು, ಇಲ್ಲ, ನೆನಪಿಲ್ಲ

ಮೇಡಂಗೆ ಬೆಳಿಗ್ಗೆ ಎದ್ದಾಗಿನಿಂದಲೇ ಪಿತ್ತ ನೆತ್ತಿಗೇರಿತ್ತು. ಲಿಫ್ಟ್ ಕೆಟ್ಟಿತ್ತು. ರಜೆಯ ದಿನ ಮನೆಗೆ ಕ್ಯಾಮೆರಾ ಬರುವುದಿತ್ತು. ಇವೆರಡನ್ನೂ ಹೇಗೋ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆದರೆ ಆ ಕ್ಯಾಮೆರಾದ ಮುಂದೆ ಅವರನ್ನು ಕೇಳಲಿರುವ ಮೊದಲ ಪ್ರಶ್ನೆ ಯಾವುದೆಂದು ಹಿಂದಿನ ದಿನವೇ ತಿಳಿದಿತ್ತು. ಅದನ್ನು ಕೇಳಿದಾಗಿನಿಂದ ಮೈಯೆಲ್ಲ ಉರಿಯುತ್ತಿತ್ತು. ‘ಮನೆ ಮತ್ತು ಕಚೇರಿ, ಎರಡನ್ನೂ ನೀವು ಹೇಗೆ ನಿಭಾಯಿಸಿದಿರಿ?’

ಅವರು ಕಟ್ಟಿ ಬೆಳೆಸಿದ ವಕೀಲರ ಸಂಸ್ಥೆಗೆ ಆ ವರ್ಷ ಏನೋ ಒಂದು ಸಂಭ್ರಮದ ವರ್ಷ. ಅದಕ್ಕೊಂದು ಕಿರುಚಿತ್ರ ತೆಗೆಸಬೇಕೆಂದು ಪಾಲುದಾರರೆಲ್ಲ ಸೇರಿ ತೀರ್ಮಾನಿಸಿದ್ದರು. ಉಳಿದ ಹಿರಿಯ ವಕೀಲರ ಸರದಿ ಆಗಲೇ ಮುಗಿದಿತ್ತು. ಅವರೆಲ್ಲ ಗಂಡಸರು. ಕರಿ ಕೋಟು ತೊಟ್ಟು, ಪುಸ್ತಕದ ಕಪಾಟಿನ ಮುಂದೆ ಕೂತು, ತಾವು ಗೆದ್ದ ದಾವೆಗಳ ಕಥೆಯನ್ನು ಬಾಯ್ತುಂಬ ಹೇಳಿಕೊಂಡಿದ್ದರು. ‘ನಿಮ್ಮ ಅಂಗಿಗೆ ಇಸ್ತ್ರಿ ಹಾಕಿದವರು ಯಾರು ಸ್ವಾಮಿ?’ ಎಂದು ಅವರಲ್ಲೊಬ್ಬರನ್ನೂ ಯಾರೂ ಕೇಳಿರಲಿಲ್ಲ. ಮೇಡಂ ಸರದಿ ಬಂದ ಕೂಡಲೇ ಎಲ್ಲರಿಗೂ ಅಡುಗೆಮನೆ ನೆನಪಾಗಿತ್ತು.

‘ಮನೆಯಲ್ಲೇ ತೆಗೆಯೋಣ’ ಎಂಬ ಈ ಬುದ್ಧಿ ಓಡಿಸಿದವರು ಕೆಮ್ಮಪ್ಪ. ಸಂಸ್ಥೆಯಲ್ಲಿ ಮೇಡಂ ನಂತರದ ಸ್ಥಾನ ಅವರದು. ಏನನ್ನೇ ಆಗಲಿ ಒಲ್ಲೆ ಎನ್ನುವ ಮೊದಲು ಕೆಮ್ಮುವ ಅಭ್ಯಾಸವಿದ್ದುದರಿಂದ ಇಡೀ ಕಚೇರಿ ಅವರಿಗೆ ಆ ಹೆಸರಿಟ್ಟಿತ್ತು. ಮೇಡಂಗೂ ಬೆನ್ನ ಹಿಂದೆ ಒಂದು ಹೆಸರಿತ್ತು, ದೊಡ್ಡಮ್ಮ. ಅದು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು.

“ಯಜಮಾನ್ರೂ ಒಂದೆರಡು ಮಾತಾಡಿದ್ರೆ ಚೆನ್ನಾಗಿರುತ್ತೆ ಮೇಡಂ” ಎಂದಿದ್ದರು ಕೆಮ್ಮಪ್ಪ. “ಜನಕ್ಕೆ ಅದೇ ಇಷ್ಟ.”

“ನಿಮ್ಮ ಮನೆಯವರನ್ನ ಮಾತಾಡಿಸಿದ್ರಾ?”

ಕೆಮ್ಮಪ್ಪ ಕೆಮ್ಮಿದ್ದರು.

ಆದರೆ ಮೇಡಂ ತಲೆ ಕೆಟ್ಟಿದ್ದಕ್ಕೆ ನಿಜವಾದ ಕಾರಣ ಇದಾವುದೂ ಅಲ್ಲ. ಅದು ಬಾಲ್ಕನಿಯಲ್ಲಿತ್ತು. ಅಲ್ಲೊಂದು ಪುಟ್ಟ ಮರದ ಮೇಜು, ಎದುರುಬದುರು ಎರಡು ಕುರ್ಚಿ. ಅವರ ಗಂಡ ಹಲ್ಲಿನ ಡಾಕ್ಟರು. ಹೋದ ವರ್ಷ ಕ್ಲಿನಿಕ್ಕನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟು ಮನೆಗೆ ಬಂದ ಮೊದಲ ವಾರವೇ ಆ ಮೇಜನ್ನು ತಂದು, ತಾವೇ ಕೂತು ಸ್ಕ್ರೂ ತಿರುಗಿಸಿ ಜೋಡಿಸಿದ್ದರು. ಜೀವಮಾನವೆಲ್ಲ ಹಲ್ಲು ಸರಿಮಾಡಿದ ಕೈಗೆ ಮೇಜಿನ ಕಾಲು ಸರಿಮಾಡಲು ಬರಲಿಲ್ಲ. ಒಂದು ಕಾಲು ಕುಂಟುತ್ತಿತ್ತು. ಅದರಡಿಗೆ ಹಳೆಯ ವಿಸಿಟಿಂಗ್ ಕಾರ್ಡೊಂದನ್ನು ಮಡಚಿ ಇಟ್ಟಿದ್ದರು.

“ಅರವತ್ತು ಆದ ದಿನ ಕುರ್ಚಿ ಬಿಡ್ತೀನಿ ರೀ. ಆಮೇಲೆ ದಿನಾ ಮಧ್ಯಾಹ್ನ ಮನೇಲಿ, ನಿಮ್ಮ ಜೊತೆ ಊಟ” ಎಂದು ಮೇಡಂ ಮಾತು ಕೊಟ್ಟಿದ್ದರು. ಮದುವೆಯಾದಾಗಿನಿಂದ ಕೆಲಸದ ದಿನ ಇಬ್ಬರೂ ಕೂತು ಮಧ್ಯಾಹ್ನದ ಊಟ ಮಾಡಿದ್ದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಆ ಮಾತನ್ನು ನಂಬಿಯೇ ಡಾಕ್ಟರು ಕ್ಲಿನಿಕ್ ಬಿಟ್ಟದ್ದು. ಮೇಡಂಗೆ ಮುಂದಿನ ತಿಂಗಳು ಅರವತ್ತು ತುಂಬುತ್ತಿತ್ತು. ಹೀಗಿರುವಾಗ ಕಳೆದ ಗುರುವಾರ ಪಾಲುದಾರರೆಲ್ಲ ಸೇರಿ ‘ಇನ್ನೊಂದು ಮೂರು ವರ್ಷ ನೀವೇ ಇರಬೇಕು’ ಎಂದರು. ಅವರು ವಾಕ್ಯ ಮುಗಿಸುವ ಮೊದಲೇ ಮೇಡಂ ‘ಆಗಲಿ’ ಎಂದುಬಿಟ್ಟರು. ಡಾಕ್ಟರಿಗೆ ಇದನ್ನು ಇನ್ನೂ ಹೇಳಿರಲಿಲ್ಲ.

ಬೆಳಿಗ್ಗೆ ಮಗಳ ಫೋನು ಬಂದಿದ್ದೂ ಇದಕ್ಕೇ. ಮಗಳು ಬೇರೆ ಊರಿನಲ್ಲಿ ದನದ ಡಾಕ್ಟರು. ಚಿತ್ರಕ್ಕೆಂದು ಹಳೆಯ ಫೋಟೋ ಕೇಳಲು ಕಚೇರಿಯವರು ಅವಳಿಗೆ ಫೋನ್ ಮಾಡಿದಾಗ ಸುದ್ದಿ ಬಾಯಿಬಿಟ್ಟಿದ್ದರು.

“ಅಮ್ಮಾ, ಅಪ್ಪಂಗೆ ಹೇಳಿದ್ಯಾ?”

“ಹೇಳ್ತೀನಿ. ಸಂಜೆ ಹೇಳ್ತೀನಿ.”

“ಮೊನ್ನೇನೂ ಸಂಜೆ ಅಂದೆ. ಯಾವ ಸಂಜೆ ಅದು? ಇದೇನು ಕೋರ್ಟಾ, ವಾಯಿದೆ ಮೇಲೆ ವಾಯಿದೆ ತಗೊಳ್ಳೋಕೆ?”

“ನಿಂಗೆ ಹಸು ಕರು ಯಾವುದೂ ಇಲ್ವೇನೇ ಇವತ್ತು? ಹೋಗಿ ನೋಡು” ಎಂದು ಮೇಡಂ ಫೋನ್ ಇಟ್ಟರು. ಇಟ್ಟಮೇಲೆ ತಮ್ಮ ಮೇಲೆ ತಮಗೇ ರೇಗಿತು. ಸಾವಿರ ಜನರ ಮುಂದೆ ನಡುಗದ ನಾಲಿಗೆಗೆ ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿರುವ ಒಬ್ಬ ಮನುಷ್ಯನ ಮುಂದೆ ಏನು ಧಾಡಿ?

ಹೇಳುವ ಬದಲು ಹಿಂದಿನ ಸಂಜೆ ಅವರು ಇನ್ನೊಂದು ಕೆಲಸ ಮಾಡಿದ್ದರು. ಗಂಡನನ್ನು ಎದುರಿಗೆ ಕೂರಿಸಿಕೊಂಡು, ಸಾಕ್ಷಿಯನ್ನು ತಯಾರು ಮಾಡುವ ಹಾಗೆ ತಯಾರು ಮಾಡಿದ್ದರು.

ಅದರಲ್ಲಿ ಮೇಡಂಗೆ ಸಾಟಿಯೇ ಇರಲಿಲ್ಲ. ಕಚೇರಿಗೆ ಸೇರುವ ಪ್ರತಿ ಹೊಸ ವಕೀಲರಿಗೂ ಮೊದಲ ಪಾಠ ಅದೇ. ಸಾಕ್ಷಿಗೆ ಮೂರೇ ಉತ್ತರ ಕಲಿಸಿ: ಹೌದು, ಇಲ್ಲ, ನೆನಪಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ, ಅದರ ಮೇಲೆ ಒಂದು ಅಕ್ಷರವೂ ಬೇಡ. ಎದುರಿನ ವಕೀಲ ಸುಮ್ಮನೆ ಮುಖ ನೋಡುತ್ತ ಕೂತರೆ ನೀವೂ ಅವನ ಮುಖ ನೋಡುತ್ತ ಕೂರಿ. ಕಟಕಟೆಯಿಂದ ಇಳಿಯಬಹುದು ಎಂದು ಹೇಳುವ ತನಕ ಜಾಗ ಬಿಡಬೇಡಿ. ಮೂರನೆಯ ಉತ್ತರವನ್ನು ನಿಜವಾಗಿಯೂ ನೆನಪಿಲ್ಲದಾಗ ಮಾತ್ರ ಬಳಸಬೇಕು ಎಂದೂ ಮೇಡಂ ತಪ್ಪದೆ ಹೇಳುತ್ತಿದ್ದರು. ಹಾಗೆ ಹೇಳುವಾಗ ಮಾತ್ರ ಕಿಟಕಿಯ ಕಡೆ ನೋಡುತ್ತಿದ್ದರು.

“ಇದೆಲ್ಲ ಯಾಕೆ?” ಎಂದಿದ್ದರು ಡಾಕ್ಟರು. “ನಾನೇನು ಕೊಲೆ ನೋಡಿದೀನಾ?”

“ನಿಮಗೆ ಮಾತು ಶುರುವಾದ್ರೆ ನಿಲ್ಲಲ್ಲ ರೀ. ಹಲ್ಲು ಕೀಳೋವಾಗ ಜನರ ಬಾಯಿ ತೆರೆಸಿಟ್ಟು ಮಾತಾಡಿ ಅಭ್ಯಾಸ. ನಾಳೆ ಅಡಿಗೆ ಸೀದದ್ದು, ಮಗಳು ಶಾಲೆಯಲ್ಲೇ ಉಳಿದುಹೋಗಿದ್ದು, ಎಲ್ಲ ಹೇಳ್ಕೊಂಡು ಕೂತ್ರೆ ನನ್ನ ಮಾನ ಏನಾಗ್ಬೇಕು?”

ಡಾಕ್ಟರು ನಕ್ಕು, “ಹೌದು” ಎಂದಿದ್ದರು. ಮೇಡಂ ಖುಷಿಯಾಗಿ ಎದ್ದುಹೋಗಿದ್ದರು.

ಕ್ಯಾಮೆರಾ ಹುಡುಗಿ ಹತ್ತು ಗಂಟೆ ದಾಟಿದ ಮೇಲೆ ಏದುಸಿರು ಬಿಡುತ್ತ ಬಂದಳು. ಹಿಂದೆಯೇ ಕೆಮ್ಮಪ್ಪ. ರಜೆಯ ದಿನವೂ ಟೈ ಕಟ್ಟಿಕೊಂಡಿದ್ದರು. ಹುಡುಗಿ ಮನೆಯೆಲ್ಲ ಸುತ್ತಿ ನೋಡಿ, ಬಾಲ್ಕನಿಗೆ ಬಂದು, “ಅಯ್ಯೋ, ಎಷ್ಟು ಮುದ್ದಾಗಿದೆ ಈ ಟೇಬಲ್! ಇಲ್ಲೇ ತೆಗೆಯೋಣ” ಎಂದಳು. ಬೇಡವೆನ್ನಲು ಮೇಡಂಗೆ ತಕ್ಷಣ ನೆಪ ಸಿಗಲಿಲ್ಲ. ಅವಳು ಆಗಲೇ ದೀಪದ ಕಂಬ ನಿಲ್ಲಿಸಿದ್ದಳು.

ಮೊದಲು ಡಾಕ್ಟರ ಸರದಿ. ಮೇಡಂ ಕ್ಯಾಮೆರಾದ ಹಿಂದೆ, ಕೆಮ್ಮಪ್ಪನ ಪಕ್ಕ, ಕೈಕಟ್ಟಿ ನಿಂತರು.

“ಸರ್, ಮೇಡಂನ ಮೊದಲು ನೋಡಿದ್ದು ಯಾವಾಗ, ಹೇಳಿ?”

“ನೆನಪಿಲ್ಲ” ಎಂದರು ಡಾಕ್ಟರು.

ಹುಡುಗಿ ನಕ್ಕಳು. ಅವಳೊಬ್ಬಳೇ ನಕ್ಕದ್ದು. “ಮನೇಲೂ ಮೇಡಂ ಹೀಗೇ ಸ್ಟ್ರಿಕ್ಟಾ?”

“ಹೌದು.”

“ಮಗಳು ಚಿಕ್ಕವಳಿದ್ದಾಗ ಮನೆ, ಕೋರ್ಟು ಎರಡೂ ನೋಡ್ಕೊಳ್ಳೋದು ಅವ್ರಿಗೆ ಕಷ್ಟ ಆಗ್ಲಿಲ್ವಾ?”

“ಇಲ್ಲ.”

ಹುಡುಗಿ ಇನ್ನೇನಾದರೂ ಬರಬಹುದೆಂದು ಕಾದಳು. ಡಾಕ್ಟರೂ ಕಾದರು. ಅವಳ ಮುಖವನ್ನೇ ನೋಡುತ್ತ, ತೊಡೆಯ ಮೇಲೆ ಕೈಯಿಟ್ಟು, ಶಾಲೆಯ ಮಗುವಿನ ಹಾಗೆ ಕೂತಿದ್ದರು. ಮೇಡಂಗೆ ತಲೆ ಚಚ್ಚಿಕೊಳ್ಳುವಂತಾಯಿತು. ತಾವು ಕಲಿಸಿದ ಪಾಠವನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದ ಸಾಕ್ಷಿ ಅವರಿಗೆ ಇಡೀ ವೃತ್ತಿಯಲ್ಲಿ ಸಿಕ್ಕಿರಲಿಲ್ಲ. ಕಕ್ಷಿದಾರರಿಗೆ ಬಡಿದುಕೊಂಡು ಹೇಳಿದರೂ ಕಟಕಟೆ ಹತ್ತಿದ ಕೂಡಲೇ ಪುರಾಣ ಬಿಚ್ಚುತ್ತಿದ್ದರು. ಈ ಮಹಾರಾಯರು ಬೇಕೆಂದೇ ಮಾಡುತ್ತಿದ್ದಾರೋ, ನಿಜವಾಗಿ ಪಾಪದವರೋ, ಇಷ್ಟು ವರ್ಷ ಜೊತೆಗಿದ್ದೂ ಮೇಡಂಗೆ ಹೇಳಲಾಗಲಿಲ್ಲ.

“ಸರ್, ಸ್ವಲ್ಪ ವಿವರವಾಗಿ...” ಎಂದಳು ಹುಡುಗಿ, ಬೆವರು ಒರೆಸಿಕೊಳ್ಳುತ್ತ. “ಈ ಟೇಬಲ್ ನೋಡಿ ಎಷ್ಟು ಚೆನ್ನಾಗಿದೆ. ದಿನಾ ಇಲ್ಲಿ ಇಬ್ರೂ ಕೂತು ಊಟ ಮಾಡ್ತೀರಾ?”

ಡಾಕ್ಟರು ಮೇಜನ್ನೊಮ್ಮೆ ನೋಡಿದರು. ಎದುರಿನ ಖಾಲಿ ಕುರ್ಚಿಯನ್ನು ನೋಡಿದರು. “ನೆನಪಿಲ್ಲ” ಎಂದರು.

ಮೇಡಂ ಕೈ ಬಿಚ್ಚಿ ಮತ್ತೆ ಕಟ್ಟಿಕೊಂಡರು. ಆಗಲೇ ಅಡ್ಡಬಂದು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅಷ್ಟರಲ್ಲಿ ಕೆಮ್ಮಪ್ಪ ಹುಡುಗಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಪಾಪ, ಅವರಿಗೇನು ಗೊತ್ತು. ಗಂಡನಿಗೆ ಹೇಳದೆ ಯಾರಾದರೂ ಇಂಥ ತೀರ್ಮಾನ ತೆಗೆದುಕೊಳ್ಳುತ್ತಾರೆ ಎಂದು ಅವರು ಕನಸಿನಲ್ಲೂ ನೆನೆದಿರಲಾರರು. ಹುಡುಗಿಯ ಮುಖ ಅರಳಿತು.

“ಸರ್, ಇದಕ್ಕಂತೂ ನೀವು ಮಾತಾಡಲೇಬೇಕು. ಇನ್ನೂ ಮೂರು ವರ್ಷ ಮೇಡಮ್ಮೇ ಸಂಸ್ಥೆ ನಡೆಸ್ತಾರಂತೆ. ಖುಷಿ ಆಯ್ತಾ?”

ದೀಪದ ಬೆಳಕು ಡಾಕ್ಟರ ಮುಖದ ಮೇಲೆ ನೇರವಾಗಿ ಬಿದ್ದಿತ್ತು. ಅವರ ಬಲಗೈ ಮೇಜಿನ ಅಂಚಿಗೆ ಬಂತು, ಅಂಚನ್ನು ಹಿಡಿದುಕೊಂಡಿತು. ಕಣ್ಣು ಕ್ಯಾಮೆರಾವನ್ನು ದಾಟಿ ಹೆಂಡತಿಯನ್ನು ಹುಡುಕಿತು, ಸಿಕ್ಕ ಮೇಲೆ ಅಲ್ಲೇ ನಿಂತಿತು. ಆಮೇಲೆ ಅವರು ಹುಡುಗಿಯ ಕಡೆ ತಿರುಗಿದರು.

“ಹೌದು.”

“ನಿಮ್ಗೆ ಮೊದಲೇ ಹೇಳಿದ್ರಾ?”

“ಹೌದು.”

“ಯಾವಾಗ ಹೇಳಿದ್ರು?”

“ನೆನಪಿಲ್ಲ.”

ಎಷ್ಟೋ ಸಾಕ್ಷಿಗಳಿಗೆ ನೀರು ಕುಡಿಸಿದ ಹೆಂಗಸು ಮೇಡಂ. ಯಾರು ಯಾವಾಗ ಸುಳ್ಳು ಹೇಳಿದರೂ ಅವರಿಗೆ ಗೊತ್ತಾಗುತ್ತಿತ್ತು. ಆದರೆ ತಮ್ಮ ಮಾನ ಉಳಿಸಲೆಂದು ಒಬ್ಬರು ಹೀಗೆ ಮೂರು ಉತ್ತರದಲ್ಲಿ ಮೂರು ಸುಳ್ಳು ಹೇಳಿದ್ದನ್ನು ನೋಡುತ್ತ ನಿಲ್ಲುವ ಸ್ಥಿತಿ ಹಿಂದೆಂದೂ ಬಂದಿರಲಿಲ್ಲ.

“ಸ್ವಲ್ಪ ಬಿಡುವು ತಗೊಳ್ಳೋಣ” ಎಂದರು ಮೇಡಂ, ಕಚೇರಿಯ ದನಿಯಲ್ಲಿ. ಹುಡುಗಿಗೂ ಅದೇ ಬೇಕಿತ್ತು. ವ್ಯಾನಿನಿಂದ ಇನ್ನೊಂದು ದೀಪ ತರಬೇಕು ಎಂದಳು. ಅವಳಿಗೆ ಸಹಾಯಕ್ಕೆಂದು ಕೆಮ್ಮಪ್ಪನನ್ನೂ ಮೇಡಂ ಮೆಟ್ಟಿಲ ಕಡೆ ಅಟ್ಟಿದರು.

ಬಾಗಿಲು ಮುಚ್ಚಿತು. ಡಾಕ್ಟರು ಕೂತಲ್ಲೇ ಕೂತಿದ್ದರು.

“ಸಿಟ್ಟು ಬಂದಿದೆಯಾ?”

“ಹೌದು.”

“ತುಂಬಾ?”

“ಹೌದು.”

“ಹಾಗಿದ್ರೆ ಬೈರಿ! ಬಾಯಿಗೆ ಬಂದ ಹಾಗೆ ಬೈರಿ. ನಾನು ಮಾಡಿದ್ದು ತಪ್ಪೇ. ಸಂಜೆ ಹೇಳೋಣ ಸಂಜೆ ಹೇಳೋಣ ಅಂತ... ಹೀಗೆ ಗುಂಡುಕಲ್ಲು ಕೂತ ಹಾಗೆ ಕೂತ್ರೆ ನಾನೇನು ಮಾಡ್ಲಿ?”

ಅದಕ್ಕೆ ಮೂರರಲ್ಲಿ ಯಾವ ಉತ್ತರವೂ ಹೊಂದುತ್ತಿರಲಿಲ್ಲ.

“ಕ್ಯಾಮೆರಾ ಆಫ್ ಆಗಿದೆ ರೀ. ಸಾಕು ಮಾಡಿ. ನಂಗೆ ಹುಚ್ಚು ಹಿಡಿಯುತ್ತೆ.”

“ಇಳೀಬಹುದು ಅಂತ ನೀನಿನ್ನೂ ಹೇಳಿಲ್ಲ” ಎಂದರು ಡಾಕ್ಟರು. ದನಿಯಲ್ಲಿ ತಮಾಷೆ ಇರಲಿಲ್ಲ.

“ಆಯ್ತು. ಇಳೀರಿ.”

ಡಾಕ್ಟರು ಎದ್ದರು. ಕೊರಳಪಟ್ಟಿಗೆ ಸಿಕ್ಕಿಸಿದ್ದ ಮೈಕನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಆಮೇಲೆ ತಾವು ಎದ್ದ ಕುರ್ಚಿಯನ್ನು ತೋರಿಸಿ, “ಈಗ ನೀನು ಕೂತ್ಕೊ” ಎಂದರು.

ಮೇಡಂ ಕೂತರು. ಕುಂಟು ಕಾಲಿನ ಮೇಜು ಮೊಣಕೈ ತಾಗಿ ಕಟಕ್ಕೆಂದಿತು. ಆ ಕುರ್ಚಿಯಲ್ಲಿ ಅವರು ಕೂತದ್ದು ಅದೇ ಮೊದಲು.

“ಒಪ್ಕೊಂಡಿದ್ದು ಯಾವತ್ತು?”

“ಗುರುವಾರ.”

“ಒಪ್ಕೊಳ್ಳೋ ಮುಂಚೆ ನನ್ನ ಒಂದು ಮಾತು ಕೇಳಿದ್ಯಾ?”

“ಇಲ್ಲ. ಆದ್ರೆ ಅವತ್ತು ಎಲ್ಲರೂ ಸೇರಿ...”

“ಕೇಳಿದ್ದಕ್ಕಷ್ಟೇ.”

“ಇಲ್ಲ.”

“ಕೇಳ್ಬೇಕು ಅಂತ ಮನಸ್ಸಿಗಾದ್ರೂ ಬಂತಾ?”

‘ನೆನಪಿಲ್ಲ’ ಎಂಬ ಮಾತು ಮೇಡಂ ನಾಲಿಗೆಯ ತುದಿಗೆ ತಾನಾಗಿ ಬಂದು ಕೂತಿತು. ಇಂಥ ಗಳಿಗೆಗೆಂದೇ ಅಲ್ಲವೇ ಅವರು ಅದನ್ನು ಅಷ್ಟು ಜನಕ್ಕೆ ಕಲಿಸಿದ್ದು. ಆದರೆ ಎಲ್ಲವೂ ಅವರಿಗೆ ಚೆನ್ನಾಗಿ ನೆನಪಿತ್ತು. ಗಾಜಿನ ಗೋಡೆಯ ಆ ಕೋಣೆ, ಉದ್ದನೆಯ ಮೇಜು, ಎಲ್ಲ ಮುಖಗಳೂ ತಮ್ಮ ಕಡೆಗೇ ತಿರುಗಿದ್ದು. ನೀವಿಲ್ಲದಿದ್ದರೆ ಆಗುವುದಿಲ್ಲ ಎಂದು ಅವರೆಲ್ಲ ಅಂದಾಗ ಎದೆಯಲ್ಲಿ ಉಕ್ಕಿದ ಸುಖ ಎಂಥದೆಂದರೆ, ಮಗಳು ಹುಟ್ಟಿದಾಗಲೂ ಅಷ್ಟು ಸುಖಪಟ್ಟಿದ್ದೆನೋ ಇಲ್ಲವೋ ಎಂದು ಆಮೇಲೆ ಕಾರಿನಲ್ಲಿ ಅನ್ನಿಸಿ ಅವರಿಗೇ ಹೆದರಿಕೆಯಾಗಿತ್ತು. ಒಂದು ಕಾಲಕ್ಕೆ ದರ್ಜಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ, ಕೆಳಗಿನ ಹೊಲಿಗೆ ಯಂತ್ರಗಳ ಗಡಗಡ ಸದ್ದಿಗೆ ಎದುರಾಗಿ ಕೂಗಿ ಕೂಗಿ ಕಕ್ಷಿದಾರರ ಹತ್ತಿರ ಮಾತಾಡಿದವರು ಅವರು. ‘ವಕೀಲರು ಎಲ್ಲಮ್ಮಾ?’ ಎಂದು ಅವರನ್ನೇ ಕೇಳಿದ ಜನ ಎಷ್ಟೋ. ಸಂಸ್ಥೆಯ ಆ ಕುರ್ಚಿಯನ್ನು ಯಾರೂ ಕರೆದು ಕೊಟ್ಟದ್ದಲ್ಲ. ಅದನ್ನು ಬಿಡುವುದೆಂದರೆ ಇದ್ದ ಕೈ ಕಡಿದುಕೊಟ್ಟ ಹಾಗೆ. ಅವತ್ತು ಕಾರಿನಲ್ಲಿ ಮುಂದಿನ ಮೂರು ವರ್ಷದ ಲೆಕ್ಕಾಚಾರವೆಲ್ಲ ಮುಗಿಸಿ ಮನೆಗೆ ಬಂದು, ಬಾಲ್ಕನಿಯಲ್ಲಿ ಈ ಮೇಜು ಕಣ್ಣಿಗೆ ಬಿದ್ದಾಗಲೇ ಗಂಡನಿಗೆ ಒಂದು ಮಾತು ಕೊಟ್ಟಿದ್ದೇನೆಂಬುದು ಅವರಿಗೆ ಹೊಳೆದದ್ದು.

“ಬರ್ಲಿಲ್ಲ” ಎಂದರು ಮೇಡಂ. “ಮನಸ್ಸಿಗೆ ಬರ್ಲೇ ಇಲ್ಲ ರೀ.”

ಡಾಕ್ಟರು ಬಾಲ್ಕನಿಯ ಕಂಬಿ ಹಿಡಿದು ಕೆಳಗೆ ಬೀದಿಯನ್ನು ನೋಡಿದರು. ಯಾರೋ ಕಾರು ನಿಲ್ಲಿಸಲು ಹಿಂದೆ ಮುಂದೆ ಮಾಡುತ್ತಿದ್ದರು.

“ಕೇಳಿದ್ದಿದ್ರೆ ‘ಆಯ್ತು, ಇರು’ ಅಂತಿದ್ದೆ ಕಣೇ” ಎಂದರು ಕೊನೆಗೆ. “ಒಂದು ನಿಮಿಷಾನೂ ಯೋಚನೆ ಮಾಡ್ತಿರ್ಲಿಲ್ಲ. ಈ ಮೇಜಿಗೆ ಏನು, ಇನ್ನು ಮೂರು ವರ್ಷ ಕುಂಟ್ಕೊಂಡು ನಿಂತಿರೋದು. ಅದಕ್ಕೇ ನಂಗೆ ಇಷ್ಟು ಹೊಟ್ಟೆ ಉರೀತಿರೋದು.”

ಮೇಡಂಗೆ ಹೋದ ಉಸಿರು ಬಂದಂತಾಯಿತು. ಸೋತ ದಾವೆಯಲ್ಲಿ ಎದುರು ಕಕ್ಷಿಯೇ ದಾರಿ ತೋರಿಸಿದ ಹಾಗೆ. “ಹಾಗಿದ್ರೆ ಈಗ ಕೇಳ್ತೀನಿ. ತಡವಾಯ್ತು, ಒಪ್ಕೋತೀನಿ. ಇನ್ನು ಮೂರು ವರ್ಷ ಇರ್ಲಾ?”

ಡಾಕ್ಟರು ತಿರುಗಿ ನೋಡಿದರು.

“ಬೇಡ.”

ಅವರು ಕಲಿಸಿದ ಮೂರರಲ್ಲಿ ಈ ಉತ್ತರ ಇರಲೇ ಇಲ್ಲ.

“ಈಗ ತಾನೇ ‘ಆಯ್ತು’ ಅಂತಿದ್ದೆ ಅಂದ್ರಲ್ಲ!”

“ಅಂತಿದ್ದೆ. ಗುರುವಾರ ಕೇಳಿದ್ದಿದ್ರೆ.”

“ಇದು ಅನ್ಯಾಯ ರೀ. ಇಷ್ಟು ವರ್ಷದಲ್ಲಿ ಒಂದು ದಿನವೂ ನೀವು ನಂಗೆ ಬೇಡ ಅಂದಿಲ್ಲ.”

“ನೀನು ಒಂದು ದಿನವೂ ಕೇಳಿಲ್ಲ.”

ವಾದಗಳೆಲ್ಲ ಮೇಡಂ ತಲೆಯಲ್ಲಿ ತಾವಾಗಿಯೇ ಸಾಲುಗಟ್ಟಿ ನಿಂತವು. ಕೆಮ್ಮಪ್ಪನ ಕೈಗೆ ಸಂಸ್ಥೆ ಕೊಟ್ಟರೆ ಆರು ತಿಂಗಳಲ್ಲಿ ಮಣ್ಣುಪಾಲು. ಈಗ ತಾನೇ ಸೇರಿದ ಹೆಣ್ಣುಮಕ್ಕಳಿಗೆ ತಮ್ಮನ್ನು ಬಿಟ್ಟರೆ ಅಲ್ಲಿ ದಿಕ್ಕಿಲ್ಲ. ಊಟವೇ ತಾನೇ, ವಾರಕ್ಕೆ ಎರಡು ದಿನ ಮಧ್ಯಾಹ್ನ ಬಂದರಾಯಿತು. ಗಂಡಸೊಬ್ಬ ಇದೇ ಕೆಲಸ ಮಾಡಿದ್ದರೆ ಯಾವ ಹೆಂಡತಿ ಕೇಳುತ್ತಿದ್ದಳು? ಒಂದೊಂದೂ ಗಟ್ಟಿ ವಾದ. ಬಾಯಿ ತೆರೆದರೆ ಕಾಲು ಗಂಟೆಯಲ್ಲಿ ಡಾಕ್ಟರು ತಲೆಯಾಡಿಸುತ್ತಾರೆ, ‘ಆಯ್ತು ಬಿಡು’ ಎನ್ನುತ್ತಾರೆ, ಒಳಗೆ ಹೋಗಿ ಒಬ್ಬರೇ ತಟ್ಟೆ ಹಾಕಿಕೊಳ್ಳುತ್ತಾರೆ. ಅದು ಮೇಡಂಗೆ ಕಣ್ಣಿಗೆ ಕಟ್ಟಿದಂತೆ ಕಾಣಿಸಿತು. ಗೆಲ್ಲುವುದು ಖಂಡಿತವಿದ್ದ ಯಾವ ವಾದವನ್ನೂ ಅವರು ಈವರೆಗೆ ಬಿಟ್ಟುಕೊಟ್ಟವರಲ್ಲ. ಹಲ್ಲು ಕಚ್ಚಿ ಕೂತರು. ಗಂಡನ ಮೇಲೆ, ತಮ್ಮ ಮೇಲೆ, ಆ ದರಿದ್ರ ಮೇಜಿನ ಮೇಲೆ ಒಟ್ಟಿಗೇ ಸಿಟ್ಟು ಬಂದು ಕಣ್ಣು ತುಂಬಿತು.

ಮೆಟ್ಟಿಲಲ್ಲಿ ಕೆಮ್ಮು ಕೇಳಿಸಿತು. ಬಾಗಿಲು ತೆರೆಯಿತು. ಹುಡುಗಿ ಎರಡನೇ ದೀಪವನ್ನೂ ಬೆಳ್ಳಿಬಣ್ಣದ ಅಗಲವಾದ ಹಲಗೆಯೊಂದನ್ನೂ ತಂದಿದ್ದಳು. “ಸರ್, ಇದನ್ನ ಸ್ವಲ್ಪ ಹೀಗೆ ಹಿಡ್ಕೋತೀರಾ? ಮೇಡಂ ಮುಖಕ್ಕೆ ಬೆಳಕು ಬೀಳುತ್ತೆ” ಎಂದು ಹಲಗೆಯನ್ನು ಡಾಕ್ಟರ ಕೈಗೆ ಕೊಟ್ಟಳು. ಮೇಡಂ ಆಗಲೇ ಕುರ್ಚಿಯಲ್ಲಿ ಕೂತಿದ್ದನ್ನು ನೋಡಿ ಅವಳಿಗೆ ಸಮಾಧಾನವಾಯಿತು. ಮೈಕ್ ಸಿಕ್ಕಿಸಿದಳು. ಕ್ಯಾಮೆರಾದ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡಳು.

“ಮೇಡಂ, ಮನೆ ಮತ್ತು ಕಚೇರಿ, ಎರಡನ್ನೂ ನೀವು ಹೇಗೆ ನಿಭಾಯಿಸಿದ್ರಿ?”

ಈ ಪ್ರಶ್ನೆಗೆ ಮೇಡಂ ಒಂದು ಸೊಗಸಾದ ಉತ್ತರ ಸಿದ್ಧಮಾಡಿಟ್ಟಿದ್ದರು. ಕೇಳಿದವರ ಮೂತಿಗೆ ತಿವಿಯುವಂಥದ್ದು. ಈಗ ಅದನ್ನು ಹುಡುಕಿದರೆ ಸಿಗಲಿಲ್ಲ.

“ನಾನು ಒಂದನ್ನೇ ನಿಭಾಯಿಸಿದ್ದು” ಎಂದರು. “ಮುಂದಿನ ಪ್ರಶ್ನೆ.”

ಹುಡುಗಿ ತಬ್ಬಿಬ್ಬಾದಳು. ಕೆಮ್ಮಪ್ಪನ ಕಡೆ ನೋಡಿದಳು. ಅವರು ಮುಂದುವರಿಸೆಂದು ಕೈಸನ್ನೆ ಮಾಡಿದರು.

“ಇನ್ನೂ ಮೂರು ವರ್ಷ ನೀವೇ ಸಂಸ್ಥೆ ನಡೆಸ್ತೀರಿ, ಅಲ್ವಾ ಮೇಡಂ?”

“ಇಲ್ಲ.”

ಕೆಮ್ಮಪ್ಪನಿಗೆ ಕೆಮ್ಮು ಹತ್ತಿಕೊಂಡಿತು. ಸಲ ಸಲಕ್ಕೂ ಜೋರಾಗಿ, ನಿಜವಾದ ಕೆಮ್ಮು. ಡಾಕ್ಟರ ಕೈಯಲ್ಲಿದ್ದ ಹಲಗೆ ಅಲುಗಿ, ಬೆಳಕು ಮೇಡಂ ಮುಖದಿಂದ ಜಾರಿ ಗೋಡೆಗೆ ಹೋಯಿತು, ಮತ್ತೆ ನಡುಗುತ್ತ ಹಿಂದಕ್ಕೆ ಬಂತು. ಹುಡುಗಿ ಕಾದಳು. ಮೇಡಂ ಅವಳ ಮುಖವನ್ನೇ ನೋಡುತ್ತ ಕೂತರು, ಒಂದು ಅಕ್ಷರವನ್ನೂ ಸೇರಿಸಲಿಲ್ಲ.

“ಯಾಕೆ ಅಂತ... ಹೇಳ್ತೀರಾ ಮೇಡಂ?”

“ಊಟದ ಹೊತ್ತಾಯ್ತಮ್ಮ” ಎಂದರು ಮೇಡಂ. “ಬೇಗ ಮುಗಿಸಿ.”